ಇಂಡೋನೇಷ್ಯಾದ ಇಂಗ್ಲಿಷ್ ಮೇಷ್ಟ್ರುಗಳು ಮತ್ತು ಅವರ ಉಚ್ಚಾರಣೆ

(ಇಂಗ್ಲಿಷ್ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳೆಯರೇ,

ಇಂಡೋನೇಷ್ಯಾದ ಶಾಲೆಗಳಲ್ಲಿ ಮಕ್ಕಳು ಮೇಷ್ಟ್ರನ್ನು 'ಪಾಕ್' ಎಂದೂ ಶಿಕ್ಷಕಿಯನ್ನು 'ಬು' ಎಂದೂ ಕರೆಯುತ್ತಾರೆ. ಅಪ್ಪ, ಅಮ್ಮ ಎಂಬ ಅರ್ಥದಿಂದ ಬೆಳೆದ ಗೌರವದ ಕರೆಗಳು ಅವು. ಗಣಿತದವರು, ಇತಿಹಾಸದವರು, ಧರ್ಮಪಾಠ ಹೇಳುವವರು ಎಲ್ಲರಿಗೂ ಅದೇ. ಇಂಗ್ಲಿಷ್ ಕಲಿಸುವವರು ಒಳಗೆ ಕಾಲಿಟ್ಟರೆ ಮಾತ್ರ ಹಲವು ಶಾಲೆಗಳಲ್ಲಿ ಕರೆ ಬದಲಾಗುತ್ತದೆ: ಮಿಸ್, ಮ್ಯಾಮ್, ಸರ್, ಮಿಸ್ಟರ್. ಸಂಜೆ ಸಂತೆಯಲ್ಲಿ ಎದುರಾದರೂ ಅವರು 'ಮಿಸ್' ಆಗಿಯೇ ಇರುತ್ತಾರೆ. ಮಕ್ಕಳು ಪ್ರೀತಿಯಿಂದಲೇ ಹಾಗೆ ಕರೆಯುತ್ತಾರೆ, ಸಂಶಯವಿಲ್ಲ. ಆದರೂ ಒಂದೇ ಸಿಬ್ಬಂದಿ ಕೊಠಡಿಯಲ್ಲಿ ಕೂರುವವರ ಪೈಕಿ ಒಬ್ಬರಿಗೆ ಮಾತ್ರ ಪರದೇಶದ ವೇಷ ತೊಡಿಸಿದಂತಾಗುತ್ತದೆ. ವೇಷ ಕಟ್ಟಿದವರ ಬಾಯಿಂದ ವೇಷಕ್ಕೆ ತಕ್ಕ ಮಾತೇ ಬರಲಿ ಎಂದು ನೋಡುವವರು ಬಯಸುತ್ತಾರೆ. ಕ್ರಮೇಣ ಕಟ್ಟಿದವರೂ ಹಾಗೆಯೇ ಬಯಸತೊಡಗುತ್ತಾರೆ.

ಅಲ್ಲಿನ ಶಿಕ್ಷಕರ ಉಚ್ಚಾರಣೆಯ ತೊಡಕನ್ನು ನಾಲಿಗೆಯಲ್ಲಿ ಮಾತ್ರ ಹುಡುಕಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದ ಅರ್ಧ ಇರುವುದು ಈ ಮಾತಾಡುವಾಗ ತಾನು ಯಾರು, ಯಾರ ಎದುರು ನಿಂತಿದ್ದೇನೆ ಎಂದು ಶಿಕ್ಷಕ ತಿಳಿದುಕೊಂಡಿರುವ ರೀತಿಯಲ್ಲಿ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದನ್ನು ಹೇಳಲು ಸ್ವಲ್ಪ ಸುತ್ತಿಕೊಂಡು ಬರಬೇಕು.

ಇಂಗ್ಲಿಷ್ ಆ ದೇಶಕ್ಕೆ ಬಂದ ದಾರಿ ನಮ್ಮದಕ್ಕಿಂತ ಬೇರೆ. ಅಲ್ಲಿ ಆಳಿದವರು ಡಚ್ಚರು. 1811ರಿಂದ 1816ರವರೆಗೆ ಜಾವಾ ದ್ವೀಪ ಬ್ರಿಟಿಷರ ಕೈಗೆ ಬಂದಿತ್ತು ನಿಜ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಕೂಡ ಆಗ ಅಲ್ಲಿಗೆ ಹೋಗಿದ್ದ. ಆದರೆ ಆ ಐದು ವರ್ಷಗಳು ಭಾಷೆಯ ಮಟ್ಟಿಗೆ ಬೇರೂರಲಿಲ್ಲ. ಡಚ್ಚರೂ ತಮ್ಮ ಭಾಷೆಯನ್ನು ಜನರಿಗೆ ಹಂಚುವ ಉತ್ಸಾಹ ತೋರಿಸಲಿಲ್ಲ. ಸ್ಥಳೀಯರೊಂದಿಗಿನ ಆಡಳಿತವನ್ನು ಬಹುಪಾಲು ಮಲಯ ಭಾಷೆಯಲ್ಲೇ ನಡೆಸಿದರು. 1928ರ ಅಕ್ಟೋಬರ್ 28ರಂದು ಯುವಜನರು ಸೇರಿ ಒಂದು ನಾಡು, ಒಂದು ಜನಾಂಗ, ಒಗ್ಗಟ್ಟಿನ ಒಂದು ಭಾಷೆ ಎಂದು ಪ್ರತಿಜ್ಞೆ ಮಾಡಿದಾಗ ಆರಿಸಿಕೊಂಡದ್ದು ಆ ಮಲಯವನ್ನೇ. ಅದೇ ಇಂದಿನ ಬಹಾಸಾ ಇಂಡೋನೇಷ್ಯಾ. 1942ರಲ್ಲಿ ಜಪಾನಿನ ಸೇನೆ ಬಂದು ಡಚ್ ಭಾಷೆಯನ್ನು ನಿಷೇಧಿಸಿತು. 1945ರ ಸ್ವಾತಂತ್ರ್ಯ ಘೋಷಣೆಯ ನಂತರ ನಾಲ್ಕು ವರ್ಷ ಡಚ್ಚರೊಡನೆಯೇ ಹೋರಾಟ ನಡೆಯಿತು. ಹೀಗಿರುವಾಗ ಹೊಸ ದೇಶ ಶಾಲೆಗಳಿಗೆ ಮೊದಲ ವಿದೇಶಿ ಭಾಷೆಯಾಗಿ ಡಚ್ಚನ್ನು ಇಟ್ಟುಕೊಳ್ಳುವ ಮಾತೇ ಇರಲಿಲ್ಲ. 1955ರಲ್ಲಿ ಆ ಸ್ಥಾನ ಇಂಗ್ಲಿಷಿಗೆ ಹೋಯಿತು.

ಪರಿಣಾಮ ನೋಡಿ. ಏಳುನೂರಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಇಂಗ್ಲಿಷ್ ಯಾರ ಮನೆಯ ಭಾಷೆಯೂ ಆಗಲಿಲ್ಲ, ಕಚೇರಿಯ ಭಾಷೆಯೂ ಆಗಲಿಲ್ಲ. ನ್ಯಾಯಾಲಯ, ವಿಶ್ವವಿದ್ಯಾಲಯ, ದೂರದರ್ಶನ, ಬ್ಯಾಂಕು ಎಲ್ಲವೂ ಇಂಡೋನೇಷ್ಯನ್ ಭಾಷೆಯಲ್ಲೇ ನಡೆಯುತ್ತವೆ. ಕಾಶ್ಮೀರದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ಬ್ರಜ್ ಕಚ್ರು ಜಗತ್ತಿನ ಇಂಗ್ಲಿಷನ್ನು ಮೂರು ವೃತ್ತಗಳಾಗಿ ಚಿತ್ರಿಸಿದ್ದರು. ಒಳವೃತ್ತದಲ್ಲಿ ಬ್ರಿಟನ್, ಅಮೆರಿಕ ಮೊದಲಾದವು, ಅದರ ಆಚೆ ಭಾರತದಂತಹ ಹಳೆಯ ವಸಾಹತುಗಳು, ಇನ್ನೂ ಆಚೆ ಇಂಡೋನೇಷ್ಯಾದಂತಹವು. ಎರಡನೆಯ ವೃತ್ತದ ನಾವು 'ಇದು ನಮ್ಮ ಇಂಗ್ಲಿಷ್' ಎಂದು ಎದೆಯುಬ್ಬಿಸಿ ಹೇಳಬಹುದು. ಮೂರನೆಯ ವೃತ್ತದ ಶಿಕ್ಷಕನಿಗೆ ಆ ಸೌಲಭ್ಯವಿಲ್ಲ. ಅವನ ಪರೀಕ್ಷಕ ಯಾವಾಗಲೂ ಕೊಠಡಿಯಲ್ಲಿ ಇಲ್ಲದ ಯಾರೋ ಒಬ್ಬ ಪರದೇಶಿ.

ಈಗ ನಾಲಿಗೆಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ವಿಷಯ ಸ್ವಾರಸ್ಯಕರವಾಗಿದೆ.

ಇಂಡೋನೇಷ್ಯನ್ ಭಾಷೆಯಲ್ಲಿ ಹ್ರಸ್ವ-ದೀರ್ಘ ಭೇದವಿಲ್ಲ. ನಮಗೆ 'ಶಿಪ್' ಮತ್ತು 'ಶೀಪ್' ಬೇರೆ ಎನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇಕಾರ ಈಕಾರಗಳನ್ನು ಕನ್ನಡ ಮಗು ಅಂಗನವಾಡಿಗೆ ಹೋಗುವ ಮೊದಲೇ ಬಲ್ಲದು. ಅಲ್ಲಿನ ಮಗುವಿಗೆ ಎರಡೂ ಒಂದೇ ಪದ. ಎರಡನೆಯದಾಗಿ, ಪದದ ಕೊನೆಯಲ್ಲಿ ಬರುವ ಘೋಷ ವ್ಯಂಜನ (ಗ, ದ, ಬ) ಅಲ್ಲಿ ಅಘೋಷವಾಗುತ್ತದೆ (ಕ, ತ, ಪ). 'ಅಬದ್' ಎಂದು ಬರೆದು 'ಅಬತ್' ಎಂದೂ, 'ಸೆಬಬ್' ಎಂದು ಬರೆದು 'ಸೆಬಪ್' ಎಂದೂ ಓದುತ್ತಾರೆ. ನಾವಾದರೆ ಕೊನೆಯ ವ್ಯಂಜನಕ್ಕೆ ಒಂದು ಉಕಾರ ಅಂಟಿಸಿ ಬಸ್ಸು, ಕಾರು, ಬೆಡ್ಡು ಎಂದು ಅದನ್ನು ಉಳಿಸಿಕೊಳ್ಳುತ್ತೇವೆ. ಮೂರನೆಯದಾಗಿ, ಇಂಗ್ಲಿಷಿನ 'ಆ್ಯ' ಅಲ್ಲಿ ಎಕಾರದ ಕಡೆಗೆ ಜಾರುತ್ತದೆ. ಈ ಮೂರನ್ನೂ ಸೇರಿಸಿ ನೋಡಿದರೆ 'ಬ್ಯಾಡ್', 'ಬೆಡ್', 'ಬೆಟ್' ಎಂಬ ಮೂರು ಪದಗಳು ಜಾವಾದ ತರಗತಿಯೊಂದರಲ್ಲಿ ಒಂದೇ ಸದ್ದಾಗಿ ಕೇಳುತ್ತವೆ. ಕೆಟ್ಟದ್ದು, ಹಾಸಿಗೆ, ಪಂದ್ಯ ಮೂರಕ್ಕೂ ಒಂದೇ 'ಬೆಟ್'.

ಇದರ ಮೇಲೆ ಬರವಣಿಗೆಯ ಹಂಗು ಬೇರೆ. 1972ರ ಲಿಪಿ ಸುಧಾರಣೆಯ ನಂತರ ಇಂಡೋನೇಷ್ಯನ್ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬಹುಮಟ್ಟಿಗೆ ನುಡಿದಂತೆಯೇ ಬರೆಯುತ್ತಾರೆ. ನಮಗೆ ಇಂಗ್ಲಿಷ್ ಬೇರೆ ಲಿಪಿಯಲ್ಲಿರುವುದರಿಂದ 'ಇದು ಬೇರೆ ಲೋಕ' ಎಂಬ ಎಚ್ಚರ ತಾನಾಗಿಯೇ ಬರುತ್ತದೆ. ಅವರಿಗೆ ಅಕ್ಷರಗಳೆಲ್ಲ ಮನೆಯವೇ, ಆಡುವ ಸದ್ದು ಮಾತ್ರ ಬೇರೆ. ರೋಮನ್ ವರ್ಣಮಾಲೆಯ ಮೂರನೆಯ ಅಕ್ಷರ ಅವರಲ್ಲಿ ಸದಾ ಚಕಾರ. ಇಂಗ್ಲಿಷಿನಲ್ಲಿ ಅದು ಒಮ್ಮೆ ಕಕಾರ, ಒಮ್ಮೆ ಸಕಾರ. ಅಲ್ಲದೆ ಅಲ್ಲಿನ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಹಾಗಾಗಿ 'ವಾಕ್ಡ್' ಎಂಬ ಪದದ ಕೊನೆಯ ವ್ಯಂಜನ ಉದುರಿಹೋದರೆ ಶಿಕ್ಷಕನಿಗೆ ಅದು ಉಚ್ಚಾರಣೆಯ ತಪ್ಪೋ ವ್ಯಾಕರಣದ ತಪ್ಪೋ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಅಲ್ಲಿನ ಶಿಕ್ಷಕರ ತರಬೇತಿಗಳಲ್ಲಿ ಹೆಚ್ಚು ಬೆವರು ಹರಿಯುವುದು ಹಲ್ಲುಗಳ ನಡುವೆ ನಾಲಿಗೆ ತುದಿಯಿಟ್ಟು ಗಾಳಿ ಬಿಡುವ ಧ್ವನಿಗಾಗಿ. 'ಥಿಂಕ್' ಪದದ ಮೊದಲ ಧ್ವನಿ, 'ದಿಸ್' ಪದದ ಮೊದಲ ಧ್ವನಿ. ಅವರು ಸಾಮಾನ್ಯವಾಗಿ ಇವನ್ನು ತಕಾರ, ದಕಾರಗಳಾಗಿ ನುಡಿಯುತ್ತಾರೆ. ನಾವು ಮಾತ್ರ ಏನು, ಥಕಾರ ದಕಾರಗಳಲ್ಲಿ ಕೆಲಸ ಮುಗಿಸುತ್ತೇವೆ. ನಮ್ಮನ್ನು ಯಾರೂ ಕೇಳುವುದಿಲ್ಲ ಅಷ್ಟೆ.

ಈ ಧ್ವನಿ ಇಂಡೋನೇಷ್ಯನ್ನರ ಬಾಯಿಗೆ ಬರುವುದಿಲ್ಲವೇ? ಬರುತ್ತದೆ. ಆ ದೇಶದ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಕುರಾನ್ ಪಠಣ ಕಲಿಯುವ ಮಗುವಿಗೆ ಪ್ರತಿ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡಬೇಕೆಂದು ಹೇಳಿಕೊಡುತ್ತಾರೆ. ಕಂಠ್ಯ, ತಾಲವ್ಯ, ದಂತ್ಯ ಎಂದು ನಮ್ಮ ವ್ಯಾಕರಣ ಹೇಳುವಂತೆ ಅಲ್ಲಿಯೂ ಸ್ಥಾನ ವಿಚಾರ ಬಹಳ ಕಟ್ಟುನಿಟ್ಟು; ಆ ಸ್ಥಾನವನ್ನು 'ಮಖ್ರಜ್' ಎನ್ನುತ್ತಾರೆ. ಅರಬ್ಬಿ ವರ್ಣಮಾಲೆಯ ನಾಲ್ಕನೆಯ ಅಕ್ಷರ 'ಥಿಂಕ್'ನ ಧ್ವನಿಯೇ. ಒಂಬತ್ತನೆಯದು 'ದಿಸ್'ನ ಧ್ವನಿ. 1968ರಲ್ಲಿ ಮಕಾಸ್ಸರ್ ನಗರದಲ್ಲಿ ಶುರುವಾದ ರಾಷ್ಟ್ರೀಯ ಕುರಾನ್ ಪಠಣ ಸ್ಪರ್ಧೆ ಇಂದಿಗೂ ದೊಡ್ಡ ಹಬ್ಬದಂತೆ ನಡೆಯುತ್ತದೆ; ಅದರಲ್ಲಿ ಉಚ್ಚಾರಣೆಗೆ ಅಂಕಗಳಿವೆ. ಅಂದರೆ ಚೆನ್ನಾಗಿ ಪಠಣ ಕಲಿತ ಮಗು ಈ ಎರಡು ಧ್ವನಿಗಳನ್ನು ಇಂಗ್ಲಿಷ್ ಮೇಷ್ಟ್ರನ್ನು ಕಾಣುವ ಮೊದಲೇ ಕಲಿತಿರುತ್ತದೆ.

ಅದೇ ಮಗು ದಿನಬಳಕೆಯ ಮಾತಿನಲ್ಲಿ ಆ ಅರಬ್ಬಿ ಧ್ವನಿಯನ್ನು ಸಕಾರ ಮಾಡಿಕೊಳ್ಳುತ್ತದೆ: ಮಂಗಳವಾರಕ್ಕೆ 'ಸೆಲಾಸಾ', ಪ್ರವಾದಿಯ ವಚನಕ್ಕೆ 'ಹದೀಸ್'. ಇಂಗ್ಲಿಷ್ ತರಗತಿಯಲ್ಲಿ ಅದನ್ನೇ ತಕಾರ ಮಾಡುತ್ತದೆ. ಒಂದೇ ಬಾಯಿ, ಮೂರು ಸಂದರ್ಭ, ಮೂರು ಧ್ವನಿ. ಪಠಣದ ಎದುರು ನಿಂತಾಗ ಸರಿಯಾಗಿ ನುಡಿಯುವುದು ಭಕ್ತಿ. ಅದಕ್ಕೆ ಮೆಚ್ಚುಗೆ ಇದೆ. ಇಂಗ್ಲಿಷ್ ತರಗತಿಯಲ್ಲಿ ಅಷ್ಟೇ ಸರಿಯಾಗಿ ನುಡಿದರೆ ಹಿಂದಿನ ಬೆಂಚಿನಿಂದ 'ಸೊಕ್ ಇಂಗ್ಗ್ರಿಸ್' ಎಂಬ ಮಾತು ಬರಬಹುದು. ಇಂಗ್ಲಿಷಿನವರ ಸೋಗು ಹಾಕುತ್ತಿದ್ದೀಯಾ ಎಂದು ಅದರ ಭಾವ. ನಮ್ಮಲ್ಲಿ 'ಟಸ್ಸು ಪುಸ್ಸು' ಎಂದು ಆಡಿಕೊಳ್ಳುತ್ತಾರಲ್ಲ, ಅದರದೇ ತಮ್ಮ. ಹೀಗಾಗಿ ಎಳೆಯ ಶಿಕ್ಷಕಿಯೊಬ್ಬಳು ಇಕ್ಕಟ್ಟಿಗೆ ಸಿಲುಕುತ್ತಾಳೆ. ಚೆನ್ನಾಗಿ ನುಡಿದರೆ ಊರಿನವರಿಗೆ ಸೋಗು, ನುಡಿಯದಿದ್ದರೆ ತನ್ನ ವೃತ್ತಿಗೇ ಅವಮಾನ ಎಂಬ ಭಾವನೆ.

ಇನ್ನೊಂದು ಪದರವೂ ಇದೆ. ಈ ಶಿಕ್ಷಕಿಗೆ ಉಚ್ಚಾರಣೆಯ ನಾಚಿಕೆ ಇಂಗ್ಲಿಷಿನಿಂದ ಶುರುವಾದದ್ದಲ್ಲ. ಜಾವಾದ ಹಳ್ಳಿಗಳಿಂದ ಬಂದವರ ಇಂಡೋನೇಷ್ಯನ್ ಮಾತನ್ನೇ ಜಕಾರ್ತಾದವರು 'ಮೆಡೊಕ್' ಎಂದು ಗೇಲಿ ಮಾಡುತ್ತಾರೆ; ಬಕಾರ ದಕಾರಗಳು ಭಾರವಾಗಿ ಬೀಳುತ್ತವೆ, ಊರಿನ ಹೆಸರುಗಳಿಗೆ ಮುಂದೊಂದು ಅನುನಾಸಿಕ ಸೇರಿ ಬಾಂಡುಂಗ್ 'ಮ್ಬಾಂಡುಂಗ್' ಆಗುತ್ತದೆ. ಬಾಲಿಯವರ ತಕಾರ ನಮ್ಮ ಟಕಾರದ ಹತ್ತಿರ ಹೋಗುತ್ತದೆ. ಪಶ್ಚಿಮ ಜಾವಾದ ಸುಂಡಾ ಜನರಿಗೆ ಫಕಾರ ಬರುವುದಿಲ್ಲ, ಅದನ್ನು ಪಕಾರ ಮಾಡುತ್ತಾರೆ ಎಂಬುದರ ಮೇಲೆ ಅಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ನಗೆಹನಿ ಇದೆ. 'ನಮಗೆ ಆ ಧ್ವನಿ ಬರುವುದಿಲ್ಲ ಎಂದವರು ಯಾರು? ಅದು ಬರೀ ಪಿಟ್ನಾ!' ಎನ್ನುತ್ತಾನಂತೆ ಸುಂಡಾದವನು. 'ಫಿಟ್ನಾ' ಎಂದರೆ ಚಾಡಿ, ಅಪವಾದ. ಆದರದ ಸ್ವಾಗತ ಹಾದರದ ಸ್ವಾಗತವಾದ ಕಥೆ ಹೇಳಿ ನಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಗಮನಿಸಬೇಕೆನ್ನುವುದು, ಇಂಗ್ಲಿಷ್ ತರಗತಿಗೆ ಬರುವಷ್ಟರಲ್ಲಿ ಮಗುವೂ ಶಿಕ್ಷಕರೂ ತಮ್ಮ ಬಾಯಿಯ ಬಗ್ಗೆ ಒಮ್ಮೆ ನಗೆಪಾಟಲಾಗಿ ಬಂದಿರುತ್ತಾರೆ ಎಂಬುದನ್ನು.

ಯೋಗ್ಯಕರ್ತಾದಲ್ಲಿ 1922ರಲ್ಲಿ 'ತಮನ್ ಸಿಸ್ವಾ' ಶಾಲೆಗಳನ್ನು ಆರಂಭಿಸಿದ ಕಿ ಹಜರ್ ದೇವಾಂತರ, ಮುಂದೆ ಸ್ವತಂತ್ರ ಇಂಡೋನೇಷ್ಯಾದ ಮೊದಲ ಶಿಕ್ಷಣ ಮಂತ್ರಿಯಾದವರು. ಶಿಕ್ಷಕನಿಗೆ ಮೂರು ಜಾಗಗಳನ್ನು ಹೇಳಿದರು: ಮುಂದೆ ನಿಂತಾಗ ಮಾದರಿಯಾಗು, ನಡುವೆ ನಿಂತಾಗ ಮನಸ್ಸನ್ನು ಎಬ್ಬಿಸು, ಹಿಂದೆ ನಿಂತಾಗ ಬಲ ಕೊಡು. ಶಿಕ್ಷಣ ಸಚಿವಾಲಯದ ಲಾಂಛನದಲ್ಲಿರುವುದು ಮೂರನೆಯ ಮಾತು. ಉಚ್ಚಾರಣೆಯ ಪಾಠದಲ್ಲಿ ಮಾತ್ರ ಎಲ್ಲರೂ ಮೊದಲನೆಯದಕ್ಕೇ ಅಂಟಿಕೊಂಡಿದ್ದಾರೆ ಎನ್ನುವುದು ನನ್ನ ತಕರಾರು. ಮಾದರಿಯಾಗಲು ತನ್ನಿಂದ ಆಗದು ಎಂದು ನಂಬಿದ ಶಿಕ್ಷಕ ಆ ಪಾಠವನ್ನೇ ಬಿಟ್ಟು ವ್ಯಾಕರಣ, ಗದ್ಯಪಾಠಗಳಿಗೆ ಓಡಿಹೋಗುತ್ತಾನೆ. ಖಾಸಗಿ ಕೋಚಿಂಗ್ ಸಂಸ್ಥೆಗಳು ಈ ಅಳುಕನ್ನೇ ಬಂಡವಾಳ ಮಾಡಿಕೊಂಡು 'ನೇಟಿವ್ ಸ್ಪೀಕರ್ ಕಲಿಸುತ್ತಾರೆ' ಎಂದು ದೊಡ್ಡಕ್ಷರಗಳಲ್ಲಿ ಫಲಕ ಹಾಕುತ್ತವೆ. ಮಾತೃಭಾಷಿಕನೇ ಉತ್ತಮ ಶಿಕ್ಷಕ ಎಂಬ ನಂಬಿಕೆ ಬರೀ ಭ್ರಮೆ ಎಂದು ಭಾಷಾವಿಜ್ಞಾನಿ ರಾಬರ್ಟ್ ಫಿಲಿಪ್ಸನ್ 1992ರಲ್ಲೇ ವಾದಿಸಿದರು. ಫಲಕಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಪ್ರೇರಣೆಯ ಮಾತು ಬಂದಾಗ ಎಲ್ಲರೂ ಸಂಬಳದ ಕಡೆ ನೋಡುತ್ತಾರೆ. ನೋಡಬೇಕಾದದ್ದೇ. ಅಲ್ಲಿ 'ಗುರು ಹೊನೊರೆರ್' ಎಂಬ ವರ್ಗವಿದೆ, ನಮ್ಮ ಅತಿಥಿ ಶಿಕ್ಷಕರ ಹಾಗೆ. ತಿಂಗಳಿಗೆ ಮೂರು ಲಕ್ಷ ರೂಪಿಯಾ ಪಡೆಯುವವರೂ ಅವರಲ್ಲಿದ್ದಾರೆ. ಲಕ್ಷ ಎಂದು ಬೆರಗಾಗಬೇಡಿ, ಅದು ನಮ್ಮ ಸುಮಾರು 1,600 ರೂಪಾಯಿ. 2005ರ ಶಿಕ್ಷಕರ ಕಾನೂನು ಬೋಧನೆಯನ್ನು ವೃತ್ತಿಯೆಂದು ಘೋಷಿಸಿತು. ಪದವಿ ಮತ್ತು ಪ್ರಮಾಣಪತ್ರ ಪಡೆದವರಿಗೆ ಮೂಲ ವೇತನದಷ್ಟೇ ಭತ್ಯೆ ಕೊಟ್ಟಿತು. ಸಂಬಳ ದುಪ್ಪಟ್ಟಾದರೆ ಪಾಠ ಸುಧಾರಿಸುತ್ತದೆಯೇ? ಅರ್ಥಶಾಸ್ತ್ರಜ್ಞರಾದ ಜೋಪ್ ದೆ ರೇ, ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 360 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಿಕ್ಷಕರ ಸಾಲದ ಒತ್ತಡ ಇಳಿಯಿತು, ಎರಡನೆಯ ಕೆಲಸ ಹುಡುಕುವುದು ತಗ್ಗಿತು, ಸಂತೃಪ್ತಿ ಹೆಚ್ಚಿತು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲಿಯೇ ಇತ್ತು. ಇದನ್ನು ಹಿಡಿದುಕೊಂಡು ಸಂಬಳ ಏರಿಸಬೇಡಿ ಎನ್ನುವವರು ಬುದ್ಧಿವಂತರಲ್ಲ. ಹೊಟ್ಟೆ ತುಂಬಿದ ಶಿಕ್ಷಕನಿಗೆ ಆಮೇಲೆ ಏನು ಬೇಕು ಎಂಬುದು ಮುಂದಿನ ಪ್ರಶ್ನೆ, ಅಷ್ಟೆ.

ಇಂಗ್ಲಿಷ್ ಶಿಕ್ಷಕನಿಗೆ ಬೇಕಾದದ್ದು ಸಮಯ. ಆ ಭತ್ಯೆ ಪಡೆಯಲು ವಾರಕ್ಕೆ ಕನಿಷ್ಠ 24 ಪೀರಿಯಡ್ ಪಾಠ ಮಾಡಬೇಕು. 2013ರ ಪಠ್ಯಕ್ರಮ ಹಿರಿಯ ಪ್ರೌಢಶಾಲೆಯ ಕಡ್ಡಾಯ ಇಂಗ್ಲಿಷನ್ನು ವಾರಕ್ಕೆ ನಾಲ್ಕರಿಂದ ಎರಡು ಪೀರಿಯಡ್‌ಗೆ ಇಳಿಸಿತು. ಲೆಕ್ಕ ಹಾಕಿ: ಎರಡೆರಡರಂತೆ 24 ಆಗಬೇಕಾದರೆ ಹನ್ನೆರಡು ತರಗತಿಗಳು ಬೇಕು. ತರಗತಿಗೆ 36 ಮಕ್ಕಳೆಂದು ಹಿಡಿದರೆ 432 ಮಂದಿ. ತಮ್ಮ ಶಾಲೆಯಲ್ಲಿ ಅಷ್ಟು ತರಗತಿಗಳಿಲ್ಲದವರು ಬೈಕ್ ಹತ್ತಿ ಪಕ್ಕದ ಶಾಲೆಗೂ ಹೋಗುತ್ತಾರೆ. 432 ಮಕ್ಕಳ ಬಾಯಿಯಿಂದ 'ಬ್ಯಾಡ್', 'ಬೆಡ್', 'ಬೆಟ್' ಬಿಡಿಸಿ ಕೇಳಲು ಯಾವ ಶಿಕ್ಷಕನಿಗೆ ಸಾಧ್ಯ? ಪ್ರೇರಣೆ ಇಲ್ಲ ಎಂದು ದೂರುವ ಮೊದಲು ಅಧಿಕಾರಿಗಳು ಈ ಗುಣಾಕಾರ ಮಾಡಬೇಕು.

ಸರ್ಕಾರದ ಮನಸ್ಸೂ ಸ್ಥಿರವಾಗಿಲ್ಲ. 2003ರ ಶಿಕ್ಷಣ ಕಾನೂನಿನ ಒಂದು ಉಪವಿಧಿಯ ಆಧಾರದ ಮೇಲೆ 'ಅಂತರರಾಷ್ಟ್ರೀಯ ಮಟ್ಟದ' ಸರ್ಕಾರಿ ಶಾಲೆಗಳು ಹುಟ್ಟಿಕೊಂಡವು. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದು ಆ ವಿಷಯಗಳ ಶಿಕ್ಷಕರು ಪರದಾಡಿದರು. ಇಂಗ್ಲಿಷ್ ಶಿಕ್ಷಕರು ಅವರಿಗೂ ಪಾಠ ಹೇಳುವವರಾಗಿ ಒಮ್ಮೆಲೇ ಮೇಲೇರಿದರು. 2013ರ ಜನವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಉಪವಿಧಿಯನ್ನೇ ರದ್ದು ಮಾಡಿತು. ಇಂತಹ ಶಾಲೆಗಳು ಮಕ್ಕಳಲ್ಲಿ ಭೇದ ಮಾಡುತ್ತವೆ, ರಾಷ್ಟ್ರಭಾಷೆಯನ್ನೂ ರಾಷ್ಟ್ರದ ಗುರುತನ್ನೂ ಸಡಿಲಗೊಳಿಸುತ್ತವೆ ಎಂಬುದು ತೀರ್ಪಿನ ಸಾರ. ಮರುವರ್ಷ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. ಒಂದೂವರೆ ವರ್ಷದೊಳಗೆ ಎರಡು ದೇಶಗಳ ಅತ್ಯುನ್ನತ ಪೀಠಗಳು ಎರಡು ದಿಕ್ಕಿಗೆ ಮುಖ ಮಾಡಿದವು. ಇಲ್ಲಿ ಇಂಗ್ಲಿಷ್ ಪೋಷಕರ ಹಕ್ಕಿನ ಪ್ರಶ್ನೆಯಾಗಿ ಬಂತು, ಅಲ್ಲಿ ನಾಡಿನ ಗುರುತಿಗೆ ತೊಡಕಾಗಿ ಕಂಡಿತು. ಅಂತಹ ಕಡೆ ಇಂಗ್ಲಿಷ್ ಕಲಿಸುವವನು ಪ್ರತಿದಿನ ತಾನು ದೇಶದ್ರೋಹಿಯಲ್ಲ ಎಂದು ಹೇಳಿಕೊಳ್ಳದಿದ್ದರೂ ಹಾಗೆ ನಡೆದುಕೊಳ್ಳಬೇಕಾಗುತ್ತದೆ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಜಾಗ ಪೂರ್ವ ಜಾವಾದ ಪಾರೆ. ಕೆದಿರಿ ಜಿಲ್ಲೆಯ ಸಣ್ಣ ಪೇಟೆ. ಐವತ್ತರ ದಶಕದಲ್ಲಿ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಅಧ್ಯಯನ ಮಾಡಿದ ಊರು ಅದೇ. ಅಲ್ಲಿಗೆ ಬೋರ್ನಿಯೊ ದ್ವೀಪದ ಕಾಲಿಮಂತಾನಿನಿಂದ ಬಂದವರು ಮುಹಮ್ಮದ್ ಕಲೆಂಡ್ ಓಸೆನ್. ಅರಬ್ಬಿ ಮತ್ತು ಇಂಗ್ಲಿಷ್ ಎರಡನ್ನೂ ದಿನಬಳಕೆಯಲ್ಲಿ ಕಡ್ಡಾಯ ಮಾಡಿರುವ ಗೊಂತೊರ್ ಎಂಬ ಪ್ರಸಿದ್ಧ ಧಾರ್ಮಿಕ ವಸತಿಶಾಲೆಯಲ್ಲಿ ಓದುತ್ತಿದ್ದರು, ಹಣವಿಲ್ಲದೆ ಬಿಟ್ಟರು. ಪಾರೆಯಲ್ಲಿ ಹಲವು ಭಾಷೆ ಬಲ್ಲ ಒಬ್ಬ ಧರ್ಮಗುರುವಿನ ಬಳಿ ಕಲಿಯಲು ಬಂದವರು 1977ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ ತಾವೇ ಇಂಗ್ಲಿಷ್ ಪಾಠ ತೆರೆದರು. ಅವರ ಶಿಷ್ಯರು ತಮ್ಮ ತಮ್ಮ ಕೇಂದ್ರಗಳನ್ನು ತೆರೆದರು. ಇಂದು ಅದು 'ಕಂಪುಂಗ್ ಇಂಗ್ಗ್ರಿಸ್', ಇಂಗ್ಲಿಷ್ ಹಳ್ಳಿ. ನೂರಕ್ಕೂ ಹೆಚ್ಚು ಕೇಂದ್ರಗಳಿವೆ. ದೇಶದ ಮೂಲೆಮೂಲೆಯಿಂದ ಯುವಕ ಯುವತಿಯರು ಬಂದು ಎರಡು ವಾರ, ಒಂದು ತಿಂಗಳು ಇದ್ದು, ಬಾಡಿಗೆ ಸೈಕಲ್ ತುಳಿಯುತ್ತಾ ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುತ್ತಾರೆ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಹಾಕುವ ವಸತಿಗೃಹಗಳಿವೆ. ಕಲಿಸುವವರು ಬಹುಪಾಲು ಇಂಡೋನೇಷ್ಯನ್ನರೇ, ಎಷ್ಟೋ ಮಂದಿ ನಿನ್ನೆಯ ವಿದ್ಯಾರ್ಥಿಗಳು.

ಅಲ್ಲಿ ಉಚ್ಚಾರಣೆಗೆಂದೇ ಪ್ರತ್ಯೇಕ ತರಗತಿಗಳು ನಡೆಯುತ್ತವೆ, ಅವು ತುಂಬುತ್ತವೆ. ಸರ್ಕಾರಿ ಶಾಲೆಯಲ್ಲಿ ಬಾಯಿಬಿಡದ ಹುಡುಗ ಇಲ್ಲಿ ಗಟ್ಟಿಯಾಗಿ ನುಡಿಯುತ್ತಾನೆ. ಕಾರಣ ಸರಳ, ಸುತ್ತಲಿನವರೆಲ್ಲ ಅದೇ ಸೋಗಿನಲ್ಲಿದ್ದರೆ ಅದು ಸೋಗಾಗಿ ಉಳಿಯುವುದಿಲ್ಲ. ಭಾಷೆ ಕಲಿಯುವವನನ್ನು ಮುಂದಕ್ಕೆ ಎಳೆಯುವುದು ಆ ಭಾಷೆಯಲ್ಲಿ ಅವನು ಕಾಣುವ ನಾಳೆಯ ತಾನು ಎಂದು ಹಂಗೇರಿಯ ಭಾಷಾವಿಜ್ಞಾನಿ ಜೊಲ್ತಾನ್ ಡೊರ್ನ್ಯೆಯಿ 2005ರ ಸುಮಾರಿಗೆ ಸಿದ್ಧಾಂತ ಕಟ್ಟಿದರು. ಅದಕ್ಕೂ ಮುಂಚೆ, 2004ರಲ್ಲಿ, ಸಂಶೋಧಕ ಮಾರ್ಟಿನ್ ಲ್ಯಾಂಬ್ ಸುಮಾತ್ರಾದ ಶಾಲಾಮಕ್ಕಳನ್ನು ಮಾತಾಡಿಸಿ, ಅವರು ಬಯಸುತ್ತಿರುವುದು ಬ್ರಿಟಿಷರಂತೆ ಅಥವಾ ಅಮೆರಿಕನ್ನರಂತೆ ಆಗುವುದನ್ನಲ್ಲ, ಜಗತ್ತಿನ ನಡುವೆ ನಿಂತ ಇಂಡೋನೇಷ್ಯನ್ನರಾಗುವುದನ್ನು ಎಂದು ತೋರಿಸಿದ್ದರು. ಮಕ್ಕಳಿಗೆ ಸ್ಪಷ್ಟವಾಗಿರುವುದು ಶಿಕ್ಷಕರ ತರಬೇತಿಯಲ್ಲಿ ಇನ್ನೂ ಮಸುಕಾಗಿದೆ.

ಕೊನೆಯಲ್ಲಿ ಸಭಿಕರು ಎರಡು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸುತ್ತೇನೆ.

'ಹಾಗಾದರೆ ಅವರು ಬ್ರಿಟಿಷ್ ಉಚ್ಚಾರಣೆ ಕಲಿಸಬೇಕೋ, ಅಮೆರಿಕನ್ ಉಚ್ಚಾರಣೆಯೋ?' ಎಂದು ಒಬ್ಬ ಮೇಡಂ ಕೇಳಿದರು. ಇಂಡೋನೇಷ್ಯನ್ನರು ಇಂಗ್ಲಿಷ್ ಬಳಸುವುದು ಯಾರೊಡನೆ ಎಂದು ಮೊದಲು ನೋಡಬೇಕು. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಸಂಘಟನೆಯ ಕಚೇರಿ ಜಕಾರ್ತಾದಲ್ಲಿದೆ. 2007ರ ಸನ್ನದು ಅದರ ಕಾರ್ಯಭಾಷೆ ಇಂಗ್ಲಿಷ್ ಎಂದು ಹೇಳುತ್ತದೆ. ಥಾಯ್, ವಿಯೆಟ್ನಾಮಿ, ಫಿಲಿಪಿನೋ ಜನರೊಡನೆ ಮಾತಾಡುವವನಿಗೆ ಲಂಡನ್ನಿನ ಮುದ್ರೆ ಏಕೆ? ವಿಭಿನ್ನ ಭಾಷಿಕರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಯಾವ ಧ್ವನಿ ತಪ್ಪಿದರೆ ಅರ್ಥ ಕೆಡುತ್ತದೆ ಎಂದು ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಸ್ವರದ ಹ್ರಸ್ವ-ದೀರ್ಘ ಇದೆ, ಪದದ ಆರಂಭದ ಒತ್ತಕ್ಷರಗಳಿವೆ, ವಾಕ್ಯದಲ್ಲಿ ಮುಖ್ಯ ಪದದ ಮೇಲೆ ಬೀಳುವ ಒತ್ತು ಇದೆ. 'ಥಿಂಕ್'ನ ಮೊದಲ ಧ್ವನಿ ಇಲ್ಲ. ತರಬೇತಿಯಲ್ಲಿ ಬೆವರು ಹರಿಸುತ್ತಿರುವುದು ಪಟ್ಟಿಯಲ್ಲಿಲ್ಲದ ಧ್ವನಿಗಾಗಿ.

ಇನ್ನೊಬ್ಬರು ಪ್ರಾಥಮಿಕ ಶಾಲೆಯ ಬಗ್ಗೆ ಕೇಳಿದರು. 2013ರಲ್ಲಿ ಪ್ರಾಥಮಿಕ ಪಠ್ಯಕ್ರಮದಿಂದ ಇಂಗ್ಲಿಷನ್ನು ಕೈಬಿಟ್ಟಿದ್ದ ಸರ್ಕಾರ ಈಗ 2027-28ರಿಂದ ಅದನ್ನು ಕಡ್ಡಾಯ ಮಾಡಲು ತೀರ್ಮಾನಿಸಿದೆ. ಎಲ್ಲ ಶಾಲೆಗಳಿಗೂ ಇಂಗ್ಲಿಷ್ ಓದಿದ ಶಿಕ್ಷಕರು ಸಿಗುವುದಿಲ್ಲ. ಗಣಿತವನ್ನೂ ಚಿತ್ರಕಲೆಯನ್ನೂ ಹೇಳುವ ತರಗತಿ ಶಿಕ್ಷಕರೇ ಎಷ್ಟೋ ಕಡೆ ಇದನ್ನೂ ಹೊರಬೇಕಾಗುತ್ತದೆ. ಅವರಿಗೆ ಉಚ್ಚಾರಣೆಯ ತರಬೇತಿ ಕೊಡಲು ಪರದೇಶದವರಿಂದ ವಿಡಿಯೊ ಪಾಠ ಮಾಡಿಸುವುದು ಸುಲಭ, ಬಹುಶಃ ಅದೇ ಆಗುತ್ತದೆ. ನನ್ನನ್ನು ಕೇಳಿದರೆ ಆ ಕೆಲಸವನ್ನು ಅದೇ ತಾಲ್ಲೂಕಿನ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರಿಗೆ ಕೊಡಬೇಕು. ಪ್ರತಿ ಜಿಲ್ಲೆಯಲ್ಲೂ ವಿಷಯ ಶಿಕ್ಷಕರ ವೇದಿಕೆಗಳು ಈಗಾಗಲೇ ಇವೆ. ಜಾವಾದ ನಾಲಿಗೆ ಎಲ್ಲಿ ಜಾರುತ್ತದೆ, ಸುಂಡಾದ್ದು ಎಲ್ಲಿ, ಪಕ್ಕದ ಮಧುರಾ ದ್ವೀಪದ್ದು ಎಲ್ಲಿ ಎಂದು ಅವರಿಗೆ ಗೊತ್ತಿದೆ. ತರಬೇತಿಯ ಮೊದಲ ವಾರ ಯಾರಿಂದಲೂ ಬಾಯಿ ತೆರೆಸದೆ ಕಿವಿಗೇ ಕೆಲಸ ಕೊಡಲಿ: 'ಬ್ಯಾಗ್' ಎಂದೆನೋ 'ಬ್ಯಾಕ್' ಎಂದೆನೋ, ಬೆರಳೆತ್ತಿ ತೋರಿಸಿ. ಎರಡನೆಯ ವಾರ ಪ್ರಾಥಮಿಕ ಶಿಕ್ಷಕರು ತಮ್ಮ ತರಗತಿಯ ಮಕ್ಕಳ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬರಲಿ.